‘ಟ್ರ್ಯಾವೇಲ್’: ಹೆರಿಗೆ ನೋವಿಗೆ ಇಂಗ್ಲಿಷಿನ ಒಂದು ಹಳೆಯ ಪದ

ಆಸ್ಪತ್ರೆಗಳಲ್ಲಿ ಹೆರಿಗೆ ಕೋಣೆಯ ಬಾಗಿಲ ಮೇಲೆ ‘ಲೇಬರ್ ರೂಮ್’ ಎಂಬ ಫಲಕ ಇರುತ್ತದೆ. ‘ಲೇಬರ್ ಪೇಯ್ನ್ ಶುರುವಾಗಿದೆ’ ಎಂಬ ಮಾತು ಈಗ ಹಳ್ಳಿಯ ಮನೆಗಳಲ್ಲೂ ಕೇಳಿಬರುತ್ತದೆ. ಲೇಬರ್ ಎಂದರೆ ದುಡಿಮೆ, ಶ್ರಮ. ಆದರೆ ಇಂಗ್ಲಿಷ್ ಭಾಷೆಯಲ್ಲಿ ಈ ಪದ ಹೆರಿಗೆಯ ಅರ್ಥದಲ್ಲಿ ಬಳಕೆಗೆ ಬರುವ ಮೊದಲೇ ಅದೇ ಅರ್ಥಕ್ಕೆ ಇನ್ನೊಂದು ಪದ ಇತ್ತು. ಅದೇ ‘ಟ್ರ್ಯಾವೇಲ್’. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಒಬ್ಬ ಹೆಂಗಸು ‘ಇನ್ ಟ್ರ್ಯಾವೇಲ್’ ಎಂದು ಬರೆದಿದ್ದರೆ ಆಕೆಗೆ ಬೇನೆ ಬಂದಿದೆ ಎಂದರ್ಥ.

ಆರೋಗ್ಯದ ಪುಟದಲ್ಲಿ ಪದದ ಚರ್ಚೆ ಯಾಕೆ ಎಂದು ಓದುಗರು ಕೇಳಬಹುದು. ಹೆರಿಗೆ ನೋವನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ, ಅದರ ಬಗ್ಗೆ ಮನಸ್ಸಿನಲ್ಲಿ ಯಾವ ಚಿತ್ರ ಇಟ್ಟುಕೊಂಡಿದ್ದೇವೆ ಎನ್ನುವುದರ ಮೇಲೆ ಆ ಹೊತ್ತಿನಲ್ಲಿ ನಾವು ನಡೆದುಕೊಳ್ಳುವ ರೀತಿ ನಿಂತಿದೆ. ಅದು ಶಿಕ್ಷೆ ಎಂದುಕೊಂಡವರು ಸಹಿಸಿಕೋ ಎನ್ನುತ್ತಾರೆ. ಅದು ಶ್ರಮ ಎಂದುಕೊಂಡವರು ನೀರು ಕೊಡುತ್ತಾರೆ, ಬೆನ್ನು ಉಜ್ಜುತ್ತಾರೆ, ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡುತ್ತಾರೆ.

ಮೂರು ಗೂಟಗಳ ಪದ

ಟ್ರ್ಯಾವೇಲ್ ಎಂಬುದು ಸುಮಾರು 13ನೆಯ ಶತಮಾನದಲ್ಲಿ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದ. ಅದರ ಬೇರು ಲ್ಯಾಟಿನ್‌ನ ‘ಟ್ರಿಪಾಲಿಯಂ’ ಎಂದು ಪದಕೋಶಗಳು ಹೇಳುತ್ತವೆ. ಟ್ರಿ ಎಂದರೆ ಮೂರು, ಪಾಲುಸ್ ಎಂದರೆ ಗೂಟ. ಮೂರು ಗೂಟಗಳನ್ನು ನೆಟ್ಟು, ಮನುಷ್ಯನನ್ನು ಅದಕ್ಕೆ ಕಟ್ಟಿ ಹಿಂಸಿಸುವ ಸಾಧನದ ಹೆಸರು ಅದು. ಹಿಂಸೆ ಎಂಬ ಅರ್ಥದಿಂದ ಕಷ್ಟ, ಕಷ್ಟದಿಂದ ಕಠಿಣ ದುಡಿಮೆ, ಅಲ್ಲಿಂದ ಹೆರಿಗೆ ನೋವು ಹೀಗೆ ಪದದ ಅರ್ಥ ಬೆಳೆಯಿತು. ಹಿಂದಿನ ಕಾಲದಲ್ಲಿ ದೂರದ ಪ್ರಯಾಣವೂ ದೊಡ್ಡ ಕಷ್ಟವೇ ಆಗಿತ್ತು. ಆದ್ದರಿಂದ ಇದೇ ಪದದಿಂದ ಪ್ರಯಾಣ ಎಂಬ ಅರ್ಥದ ‘ಟ್ರ್ಯಾವೆಲ್’ ಹುಟ್ಟಿತು. ಟ್ರ್ಯಾವೆಲ್ ಏಜೆನ್ಸಿಯ ಟ್ರ್ಯಾವೆಲ್ ಮತ್ತು ಹೆರಿಗೆಯ ಟ್ರ್ಯಾವೇಲ್ ಒಂದೇ ಬಳ್ಳಿಯ ಕಾಯಿಗಳು.

1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಈ ಪದ ಹಲವು ಕಡೆ ಬರುತ್ತದೆ. ಶತಮಾನಗಳ ಕಾಲ ಇಂಗ್ಲಿಷ್ ಓದುವವರ ಮನೆಗಳಲ್ಲಿ ಈ ಪದ ಉಳಿಯಲು ಅದೂ ಒಂದು ಕಾರಣ. ಈಗ ವೈದ್ಯರ ಬಾಯಲ್ಲಿ ಈ ಪದ ಇಲ್ಲ. ಪತ್ರಿಕೆಗಳಲ್ಲಿ ಬಹುವಚನವಾಗಿ ‘ಟ್ರ್ಯಾವೇಲ್ಸ್’ ಎಂದು ಬರುವುದುಂಟು. ಅಲ್ಲಿ ಅದಕ್ಕೆ ಸಂಕಷ್ಟಗಳು, ಬವಣೆಗಳು ಎಂದಷ್ಟೇ ಅರ್ಥ. ಕಾಲೇಜಿಗೆ ಹೋಗುವ ಮಕ್ಕಳು ಇದನ್ನು ಪ್ರಯಾಣ ಎಂದು ತಪ್ಪಾಗಿ ತಿಳಿಯುವುದು ಸಾಮಾನ್ಯ. ಫ್ರೆಂಚ್ ಭಾಷೆಯಲ್ಲಿ ಮಾತ್ರ ಟ್ರವಾಯ್ ಎಂಬ ರೂಪದಲ್ಲಿ ಇದೇ ಪದ ಇಂದಿಗೂ ಕೆಲಸಕ್ಕೂ ಹೆರಿಗೆ ನೋವಿಗೂ ಬಳಕೆಯಲ್ಲಿದೆ.

ಒಂದು ಪದಕ್ಕಾಗಿ ನಡೆದ ವಾದ

ಹೆರಿಗೆ ನೋವು ಶಿಕ್ಷೆಯೋ ಶ್ರಮವೋ ಎಂಬ ಪ್ರಶ್ನೆ ಬ್ರಿಟನ್ನಿನಲ್ಲಿ ಒಮ್ಮೆ ವೈದ್ಯರ ಮುಂದೆಯೇ ಬಂತು. ಎಡಿನ್‌ಬರೋ ನಗರದ ಪ್ರಸೂತಿ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ 1847ರ ನವೆಂಬರ್‌ನಲ್ಲಿ ಹೆರಿಗೆ ನೋವಿನಲ್ಲಿದ್ದ ಮಹಿಳೆಗೆ ಕ್ಲೋರೋಫಾರ್ಮ್ ಕೊಟ್ಟು ನೋವು ಕಡಿಮೆ ಮಾಡಿದರು. ಆದಿಮಾತೆಯ ತಪ್ಪಿಗೆ ಶಿಕ್ಷೆಯಾಗಿ ಹೆಣ್ಣು ನೋವಿನಲ್ಲೇ ಹೆರಬೇಕು ಎಂದು ಬೈಬಲ್‌ನಲ್ಲಿದೆ, ಅದನ್ನು ತಪ್ಪಿಸುವುದು ಸರಿಯೇ ಎಂಬ ಆಕ್ಷೇಪಕ್ಕೆ ಅವರು ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದು ಕಿರುಹೊತ್ತಗೆಯ ಮೂಲಕ ಉತ್ತರ ಕೊಟ್ಟರು. ಮೂಲ ಹೀಬ್ರೂ ಪದಕ್ಕೆ ನೋವು ಎಂಬುದಕ್ಕಿಂತ ಶ್ರಮ, ದುಡಿಮೆ ಎಂಬ ಅರ್ಥವೇ ಸರಿ ಎನ್ನುವುದು ಅವರ ವಾದ. ಗಂಡಸು ಬೆವರು ಸುರಿಸಿ ದುಡಿಯಬೇಕು ಎಂದಿದ್ದರೂ ರೈತ ಎತ್ತು, ಕುದುರೆ, ನೇಗಿಲು ಬಳಸಿ ಶ್ರಮ ಕಡಿಮೆ ಮಾಡಿಕೊಳ್ಳುವುದನ್ನು ಯಾರೂ ಪಾಪ ಎನ್ನುವುದಿಲ್ಲ. ಹಾಗಾದರೆ ಹೆಣ್ಣಿನ ಶ್ರಮ ಕಡಿಮೆ ಮಾಡಿದರೆ ಮಾತ್ರ ತಪ್ಪು ಹೇಗೆ ಎಂಬ ದಾಟಿಯಲ್ಲಿ ಅವರು ವಾದಿಸಿದರು. 1853ರ ಏಪ್ರಿಲ್‌ನಲ್ಲಿ ರಾಣಿ ವಿಕ್ಟೋರಿಯಾ ತಮ್ಮ ಎಂಟನೆಯ ಹೆರಿಗೆಯಲ್ಲಿ ವೈದ್ಯ ಜಾನ್ ಸ್ನೋ ಅವರಿಂದ ಕ್ಲೋರೋಫಾರ್ಮ್ ಪಡೆದ ನಂತರ ಜನರ ಅಳುಕು ಬಹಳಷ್ಟು ಕಡಿಮೆಯಾಯಿತು.

ಮುಸ್ಲಿಮರಾದ ನಮಗೆ ಇಂತಹ ವಾದ ಬೇಕಾಗಿಯೇ ಇಲ್ಲ. ಪವಿತ್ರ ಕುರ್‌ಆನ್ ಪ್ರಕಾರ ಆದಮ್(ಅ) ಮತ್ತು ಅವರ ಪತ್ನಿ ಇಬ್ಬರೂ ಎಡವಿದರು, ಇಬ್ಬರೂ ಪಶ್ಚಾತ್ತಾಪಪಟ್ಟರು, ಅಲ್ಲಾಹನು ಕ್ಷಮಿಸಿದನು. ಆ ತಪ್ಪಿನ ಸಾಲವನ್ನು ಹೆಣ್ಣುಮಕ್ಕಳು ಹೆರಿಗೆ ಕೋಣೆಯಲ್ಲಿ ತೀರಿಸಬೇಕು ಎಂಬ ಬೋಧನೆ ಅಲ್ಲಿಲ್ಲ. ತಾಯಿ ಬಸಿರಿನಲ್ಲೂ ಹೆರಿಗೆಯಲ್ಲೂ ಪಡುವ ಕಷ್ಟವನ್ನು ಕುರ್‌ಆನ್ ಸೂರಃ ಲುಕ್ಮಾನ್ ಮತ್ತು ಸೂರಃ ಅಲ್ ಅಹ್ಕಾಫ್‌ಗಳಲ್ಲಿ ನೆನಪಿಸುವುದು ಮಕ್ಕಳು ಹೆತ್ತವರಿಗೆ ಉಪಕಾರ ಮಾಡಲಿ ಎಂಬ ಕಾರಣಕ್ಕೆ.

‘ಮಖಾಝ್’: ಕಡೆಯುವ ಚಿತ್ರ

ಸೂರಃ ಮರ್ಯಮ್‌ನಲ್ಲಿ ಹೆರಿಗೆ ನೋವಿಗೆ ಬಂದಿರುವ ಅರಬಿ ಪದ ‘ಮಖಾಝ್’. ಈ ಪದದ ಮೂಲ ಧಾತುವಿಗೆ ಹಾಲನ್ನು ಚರ್ಮದ ಚೀಲದಲ್ಲಿ ಹಾಕಿ ಅಲುಗಿಸಿ, ಕಡೆದು, ಬೆಣ್ಣೆ ತೆಗೆಯುವುದು ಎಂಬ ಅರ್ಥವಿದೆ. ಮೂರು ಗೂಟಗಳ ಚಿತ್ರಕ್ಕೂ ಈ ಚಿತ್ರಕ್ಕೂ ಎಷ್ಟು ಅಂತರ ನೋಡಿ. ಒಂದರಲ್ಲಿ ಹಿಂಸೆ ಮಾತ್ರ ಇದೆ, ಇನ್ನೊಂದರಲ್ಲಿ ಶ್ರಮದ ಕೊನೆಗೆ ಬೆಣ್ಣೆ ಇದೆ.

ವೈದ್ಯಕೀಯವಾಗಿಯೂ ಈ ಹೋಲಿಕೆ ಅರ್ಥವತ್ತಾಗಿದೆ. ನಮ್ಮ ಮನೆಗಳಲ್ಲಿ ಮೊಸರು ಕಡೆಯುವಾಗ ಹಗ್ಗವನ್ನು ಒಮ್ಮೆ ಎಳೆಯುತ್ತೇವೆ, ಒಮ್ಮೆ ಬಿಡುತ್ತೇವೆ. ಬರೀ ಎಳೆದರೆ ಕಡಗೋಲು ತಿರುಗುವುದಿಲ್ಲ. ಗರ್ಭಕೋಶವೂ ಹಾಗೆಯೇ. ಅದು ಬಿಗಿಯುತ್ತದೆ, ಮತ್ತೆ ಸಡಿಲಗೊಳ್ಳುತ್ತದೆ. ಬಿಗಿದಾಗ ಗರ್ಭಕೋಶದ ಬಾಯಿ ಸ್ವಲ್ಪ ತೆರೆಯುತ್ತದೆ, ಮಗು ಕೆಳಗೆ ಸರಿಯುತ್ತದೆ. ಸಡಿಲಗೊಂಡಾಗ ಮಗುವಿಗೆ ರಕ್ತ ಮತ್ತು ಆಮ್ಲಜನಕ ಚೆನ್ನಾಗಿ ಸಿಗುತ್ತದೆ, ತಾಯಿ ಉಸಿರು ಎಳೆದುಕೊಳ್ಳುತ್ತಾಳೆ. ನೋವಿನಷ್ಟೇ ಈ ಬಿಡುವೂ ಮುಖ್ಯ. ಮನೆಯಲ್ಲಿ ಯಾರಿಂದಲೋ ‘ಬೇನೆ ಬರಿಸುವ ಇಂಜೆಕ್ಷನ್’ ಹಾಕಿಸುವುದು ಅಪಾಯಕಾರಿ ಎನ್ನುವುದು ಇದಕ್ಕೇ. ಆ ಔಷಧಿಯ ಪ್ರಮಾಣ ಹೆಚ್ಚಾದರೆ ಬಿಡುವೇ ಇಲ್ಲದೆ ಗರ್ಭಕೋಶ ಬಿಗಿದುಕೊಳ್ಳುತ್ತದೆ. ಮಗುವಿಗೆ ಉಸಿರುಗಟ್ಟುತ್ತದೆ, ಗರ್ಭಕೋಶ ಹರಿದುಹೋಗಲೂಬಹುದು. ಆಸ್ಪತ್ರೆಯಲ್ಲಿ ಅದೇ ಔಷಧಿಯನ್ನು ಡ್ರಿಪ್ ಮೂಲಕ ಹನಿ ಲೆಕ್ಕದಲ್ಲಿ, ಮಗುವಿನ ಎದೆಬಡಿತ ನೋಡುತ್ತಾ ಕೊಡುತ್ತಾರೆ.

ಹಝ್ರತ್ ಮರ್ಯಮ್(ಅ)ರ ಘಟನೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ನೋವು ಅವರನ್ನು ಖರ್ಜೂರದ ಮರದ ಬುಡಕ್ಕೆ ಕರೆತಂದಾಗ, ಇದಕ್ಕಿಂತ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎಂದು ಅವರು ಹಲುಬಿದರು. ಅದಕ್ಕೆ ಗದರಿಕೆ ಬರಲಿಲ್ಲ. ದುಃಖಿಸಬೇಡ ಎಂಬ ಸಾಂತ್ವನ ಬಂತು, ಕಾಲ ಬಳಿ ನೀರಿನ ತೊರೆ ಇತ್ತು, ತಿನ್ನಲು ಮಾಗಿದ ಖರ್ಜೂರ ಉದುರಿತು. ಅಷ್ಟು ಉನ್ನತ ಸ್ಥಾನದ ಮಹಿಳೆಯೇ ನೋವಿನಲ್ಲಿ ಹಾಗೆ ನುಡಿದಿರುವಾಗ, ನಮ್ಮ ಮಗಳೋ ಸೊಸೆಯೋ ಕೂಗಿಕೊಂಡರೆ ‘ನಾವೆಲ್ಲ ಹೆತ್ತಿಲ್ಲವೇ, ಬಾಯಿ ಮುಚ್ಚು’ ಎನ್ನಲು ನಮಗೇನು ಹಕ್ಕಿದೆ?

ಸಾಂತ್ವನ, ನೀರು, ಆಹಾರ ಈ ಮೂರನ್ನೂ ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆರಿಗೆಯ ಉದ್ದಕ್ಕೂ ತಾಯಿ ಬಯಸಿದ ಒಬ್ಬರು ಜೊತೆಗಿರಬೇಕು, ತೊಡಕಿಲ್ಲದ ಹೆರಿಗೆಯಾದರೆ ಆಕೆಗೆ ಕುಡಿಯಲು ತಿನ್ನಲು ಕೊಡಬೇಕು, ನಡೆದಾಡಲು ಬಿಡಬೇಕು ಎಂದಿದೆ. ನಮ್ಮ ದೇಶದ ಸರಕಾರಿ ಆಸ್ಪತ್ರೆಗಳಲ್ಲೂ ಹೆರಿಗೆಯ ಹೊತ್ತಿನಲ್ಲಿ ಜೊತೆಗೆ ಒಬ್ಬ ಮಹಿಳೆ ಇರಲು 2016ರಿಂದ ಅನುಮತಿ ಇದೆ. ಕೇಳಿ ಪಡೆಯಿರಿ. ಖರ್ಜೂರವನ್ನು ಕೊನೆಯ ವಾರಗಳಲ್ಲಿ ದಿನಕ್ಕೆ ನಾಲ್ಕಾರು ತಿನ್ನುವುದು ಒಳ್ಳೆಯ ಆಹಾರವೇ. ಆದರೆ ಸಕ್ಕರೆ ಕಾಯಿಲೆ ಇರುವ ಬಸುರಿಯರು ವೈದ್ಯರನ್ನು ಕೇಳದೆ ತಿನ್ನಬಾರದು.

ನಿಜವಾದ ಬೇನೆ, ಸುಳ್ಳು ಬೇನೆ

ಯುನಾನಿ ಗ್ರಂಥಗಳಲ್ಲಿ ಹೆರಿಗೆ ನೋವಿಗೆ ‘ದರ್ದೆ ಝಿಹ್’ ಎನ್ನುತ್ತಾರೆ. ಅದರಲ್ಲಿ ಸಾದಿಕ್ ಮತ್ತು ಕಾಝಿಬ್ ಎಂಬ ಎರಡು ಬಗೆ. ರಮಝಾನ್‌ನಲ್ಲಿ ಸಹ್ರಿ ಮಾಡುವ ನಮಗೆ ಸುಬ್ಹೆ ಕಾಝಿಬ್ ಮತ್ತು ಸುಬ್ಹೆ ಸಾದಿಕ್ ಗೊತ್ತಿದೆ. ಮೊದಲಿನದು ಬೆಳಕಿನ ಹಾಗೆ ಕಂಡು ಮರೆಯಾಗುತ್ತದೆ, ಎರಡನೆಯದು ಹರಡುತ್ತಾ ಹೆಚ್ಚುತ್ತಾ ಹೋಗುತ್ತದೆ. ಬೇನೆಯೂ ಹಾಗೆಯೇ.

ಸುಳ್ಳು ಬೇನೆಗೆ ಲೆಕ್ಕ ಇರುವುದಿಲ್ಲ. ಒಮ್ಮೆ ಹತ್ತು ನಿಮಿಷಕ್ಕೆ, ಮತ್ತೊಮ್ಮೆ ಅರ್ಧ ಗಂಟೆಗೆ ಬರುತ್ತದೆ. ಮಲಗಿದರೆ, ನಡೆದರೆ, ಬಿಸಿನೀರು ಸ್ನಾನ ಮಾಡಿದರೆ ತಗ್ಗುತ್ತದೆ. ನಿಜವಾದ ಬೇನೆ ಸಾಮಾನ್ಯವಾಗಿ ಸೊಂಟದಿಂದ ಹೊಟ್ಟೆಗೆ ಬರುತ್ತದೆ, ಹತ್ತಿರ ಹತ್ತಿರವಾಗುತ್ತದೆ, ಬಲವಾಗುತ್ತದೆ, ವಿಶ್ರಾಂತಿಯಿಂದ ನಿಲ್ಲುವುದಿಲ್ಲ. ರಕ್ತ ಬೆರೆತ ಲೋಳೆ ಕಾಣಿಸಿಕೊಳ್ಳಬಹುದು. ಚೊಚ್ಚಲ ಹೆರಿಗೆಯಲ್ಲಿ ಐದು ನಿಮಿಷಕ್ಕೊಮ್ಮೆ, ಸುಮಾರು ಒಂದು ನಿಮಿಷ ಇರುವ ನೋವು ಒಂದು ಗಂಟೆಯಿಂದ ಬರುತ್ತಿದ್ದರೆ ಆಸ್ಪತ್ರೆಗೆ ಹೊರಡಬೇಕು. ಎರಡನೆಯ ಮೂರನೆಯ ಹೆರಿಗೆಯವರು, ಆಸ್ಪತ್ರೆ ದೂರ ಇರುವವರು, ಹಿಂದೆ ಸಿಸೇರಿಯನ್ ಆದವರು ಅಷ್ಟು ಕಾಯದೆ ಬೇಗ ಹೊರಡಬೇಕು.

ಶ್ರಮಕ್ಕೂ ಒಂದು ಮಿತಿ ಇದೆ

ದುಡಿಮೆಗೆ ಗಂಟೆಗಳ ಲೆಕ್ಕ ಇರುತ್ತದೆ. ಹೆರಿಗೆಯ ಶ್ರಮಕ್ಕೂ ಇರಬೇಕು. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ನಂತರ ಪೂರ್ತಿ ತೆರೆಯಲು ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆ, ನಂತರದ ಹೆರಿಗೆಗಳಲ್ಲಿ 10 ಗಂಟೆ ದಾಟುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೂರ್ತಿ ತೆರೆದ ನಂತರ ಮಗು ಹೊರಬರಲು ಚೊಚ್ಚಲಿಗೆ ಸಾಮಾನ್ಯವಾಗಿ 3 ಗಂಟೆ, ನಂತರದವರಿಗೆ 2 ಗಂಟೆ ಸಾಕು. ಬಾಯಿ ಎಷ್ಟು ತೆರೆದಿದೆ ಎಂದು ಮನೆಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೇ ತರಬೇತಿ ಪಡೆದವರ ಬಳಿ ಇರಬೇಕು ಎನ್ನುವುದು.

ಮಿತಿ ಮೀರಿ ಕಾಯುವುದರ ಬೆಲೆ ಅರಮನೆಯವರೂ ತೆತ್ತಿದ್ದಾರೆ. 1817ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸಿಂಹಾಸನಕ್ಕೆ ಬರಬೇಕಿದ್ದ 21 ವರ್ಷದ ರಾಜಕುಮಾರಿ ಷಾರ್ಲಟ್ ಸುಮಾರು 50 ಗಂಟೆ ಬೇನೆ ತಿಂದರು. ಇಕ್ಕಳದ ಸಾಧನ ಹತ್ತಿರವೇ ಇದ್ದರೂ ವೈದ್ಯ ರಿಚರ್ಡ್ ಕ್ರಾಫ್ಟ್ ಅದನ್ನು ಬಳಸದೆ ಕಾದರು. ಗಂಡು ಮಗು ಸತ್ತೇ ಹುಟ್ಟಿತು. ಕೆಲವೇ ಗಂಟೆಗಳಲ್ಲಿ ತಾಯಿಯೂ ತೀರಿಕೊಂಡರು. ಕೆಲವು ತಿಂಗಳ ನಂತರ ಆ ವೈದ್ಯರು ತಾವೇ ಪ್ರಾಣ ಕಳೆದುಕೊಂಡರು. ಪ್ರಕೃತಿ ತನ್ನ ಕೆಲಸ ಮಾಡಲಿ ಎಂದು ಕಾಯುವುದು ಒಳ್ಳೆಯದೇ, ಆದರೆ ಎಲ್ಲಿಯವರೆಗೆ ಎಂದು ತಿಳಿದಿರಬೇಕು. ನಮ್ಮ ಹಿಂದಿನ ಹಕೀಮರಿಗೂ ಇದು ಗೊತ್ತಿತ್ತು. ಸಾವಿರ ವರ್ಷದ ಹಿಂದೆ ಸ್ಪೇನ್‌ನ ಕುರ್ತುಬಾದಲ್ಲಿದ್ದ ಅಝ್ಝಹ್ರಾವಿ ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ, ಕಷ್ಟದ ಹೆರಿಗೆಯಲ್ಲಿ ದಾಯಿ ಏನು ಮಾಡಬೇಕು, ಯಾವ ಸಾಧನ ಬಳಸಬೇಕು ಎಂದು ವಿವರಿಸಿದ್ದಾರೆ.

ಯುನಾನಿ ವೈದ್ಯನಾಗಿ ನಾನು ಸ್ಪಷ್ಟವಾಗಿ ಹೇಳಬೇಕಾದ ಮಾತು ಇದು: ತಡೆದು ನಿಂತ ಹೆರಿಗೆಗೆ ಮದ್ದು ಕಷಾಯದಲ್ಲಿಲ್ಲ, ಆಸ್ಪತ್ರೆಯಲ್ಲಿದೆ. ಬೇನೆ ಬರಲೆಂದು ಹರಳೆಣ್ಣೆ ಕುಡಿಸುವುದು, ಹೆಚ್ಚು ಕೇಸರಿ ಅರೆದು ಕೊಡುವುದು, ಬಲವಾಗಿ ಹೊಟ್ಟೆ ಒತ್ತುವುದು ಬೇಡ. ಹಜ್‌ಗೆ ಹೋದವರು ತರುವ ‘ಮರ್ಯಮ್ ಬೂಟಿ’ ಎಂಬ ಒಣಗಿದ ಗಿಡವನ್ನು ಕೆಲವು ಮನೆಗಳಲ್ಲಿ ನೀರಿನಲ್ಲಿ ಇಡುತ್ತಾರೆ. ಅದು ಅರಳಿದಂತೆ ಹೆರಿಗೆ ಸುಲಭವಾಗುತ್ತದೆ ಎಂಬ ನಂಬಿಕೆ. ಆ ಗಿಡ ಸತ್ತು ಒಣಗಿದ್ದರೂ ನೀರು ಹೀರಿಕೊಂಡು ಬಿಚ್ಚಿಕೊಳ್ಳುತ್ತದೆ, ಅದು ಅದರ ಗುಣ. ಅದಕ್ಕೂ ಗರ್ಭಕೋಶಕ್ಕೂ ಸಂಬಂಧವಿಲ್ಲ. ಆ ನೀರನ್ನು ಕುಡಿಸಬೇಡಿ, ಅದು ಅರಳುವುದನ್ನು ನೋಡುತ್ತಾ ಹೊತ್ತು ಕಳೆಯಬೇಡಿ.

ಈ ಲಕ್ಷಣಗಳಿದ್ದರೆ ಬೇನೆ ಬರಲಿ ಬಾರದಿರಲಿ, ತಕ್ಷಣ ಹೊರಡಿ:

- ರಕ್ತ ಹೋಗುವುದು
- ನೀರು ಹೋಗುವುದು, ಅದರಲ್ಲೂ ಹಸಿರು ಬಣ್ಣದ ಅಥವಾ ದುರ್ವಾಸನೆಯ ನೀರು
- ಮಗುವಿನ ಅಲುಗಾಟ ಕಡಿಮೆಯಾಗುವುದು
- ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಫಿಟ್ಸ್
- ಜ್ವರ
- 37 ವಾರ ತುಂಬುವ ಮೊದಲೇ ಬೇನೆ

ಆಂಬುಲೆನ್ಸ್‌ಗೆ 108 ಕರೆ ಮಾಡಿ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಎರಡೂ ಉಚಿತ.

ಮನೆಯವರು ಮೊದಲೇ ತೀರ್ಮಾನಿಸಬೇಕಾದದ್ದು

ರಾತ್ರಿ ಎರಡು ಗಂಟೆಗೆ ಬೇನೆ ಬಂದಾಗ ಚರ್ಚೆಗೆ ಸಮಯ ಇರುವುದಿಲ್ಲ. ಎಂಟನೆಯ ತಿಂಗಳಿನಲ್ಲೇ ಕುಳಿತು ಮಾತನಾಡಿ. ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು, ರಕ್ತ ಬೇಕಾದರೆ ಯಾರು ಕೊಡುತ್ತಾರೆ, ಖರ್ಚಿಗೆ ಹಣ ಎಲ್ಲಿದೆ ಎಂದು ನಿಶ್ಚಯಿಸಿ. ಗಂಡ ಗಲ್ಫ್‌ನಲ್ಲಿದ್ದರೆ ಆತನ ಫೋನ್ ಸಿಗುವವರೆಗೆ ಕಾಯಬೇಡಿ. ವಯಸ್ಕ ಹೆಣ್ಣುಮಗಳು ತನ್ನ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು. ಅವಳ ಸಹಿ ಸಾಕು.

ಮಹಿಳಾ ವೈದ್ಯೆ ಬೇಕು ಎಂಬ ಬಯಕೆ ಸರಿಯಾದದ್ದೇ. ಅದಕ್ಕಾಗಿ ಮೊದಲೇ ವಿಚಾರಿಸಿ ಆಸ್ಪತ್ರೆ ಆರಿಸಿಕೊಳ್ಳಿ. ಆದರೆ ಆ ಹೊತ್ತಿಗೆ ಇರುವುದು ಪುರುಷ ವೈದ್ಯರೇ ಆಗಿದ್ದರೆ ತಡಮಾಡಬೇಡಿ. ಅನಿವಾರ್ಯತೆಯು ನಿಷಿದ್ಧವಾದುದನ್ನೂ ಅನುಮತಿಸುತ್ತದೆ ಎಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ಪ್ರಾಣ ಉಳಿಸುವುದಕ್ಕಿಂತ ದೊಡ್ಡ ಅನಿವಾರ್ಯತೆ ಯಾವುದಿದೆ?

ಹೆರಿಗೆಯಲ್ಲಿ ತೀರಿಕೊಂಡ ಮಹಿಳೆಗೆ ಶಹೀದರ ಸ್ಥಾನವಿದೆ ಎಂದು ಹದೀಸ್‌ನಲ್ಲಿದೆ. ಅದು ಕಳೆದುಕೊಂಡ ಮನೆಗೆ ಸಾಂತ್ವನ. ಉಳಿಸಬಹುದಾಗಿದ್ದ ಜೀವವನ್ನು ನಿರ್ಲಕ್ಷ್ಯದಿಂದ ಕಳೆದ ಮೇಲೆ ಆ ಮಾತಿನ ಹಿಂದೆ ಅಡಗಿಕೊಳ್ಳುವುದು ನ್ಯಾಯವಲ್ಲ. ರೋಗಕ್ಕೆ ಚಿಕಿತ್ಸೆ ಮಾಡಿಸಿರಿ ಎಂದು ಕಲಿಸಿದವರೂ ಅದೇ ಪ್ರವಾದಿ(ಸ).

ಕೊನೆಯದಾಗಿ ನೋವು ನಿವಾರಣೆಯ ಮಾತು. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಎಂಬ ಚುಚ್ಚುಮದ್ದು ಈಗ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿದೆ. ಬಯಸುವ ಆರೋಗ್ಯವಂತ ತಾಯಂದಿರಿಗೆ ಅದನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಎಲ್ಲರಿಗೂ ಬೇಕೆಂದಿಲ್ಲ, ಎಲ್ಲ ಕಡೆ ಸಿಗುವುದೂ ಇಲ್ಲ. ಆದರೆ ಕೇಳಿದ ಹೆಣ್ಣನ್ನು ಈಮಾನ್ ಕಡಿಮೆಯವಳು, ತಾಳ್ಮೆ ಇಲ್ಲದವಳು ಎಂದು ಚುಚ್ಚಬೇಡಿ. ಬೆನ್ನು ಉಜ್ಜುವುದು, ಬಿಸಿನೀರಿನ ಶಾಖ, ಉದ್ದ ಉಸಿರು, ದ್ಸಿಕ್ರ್, ಕೈ ಹಿಡಿದು ಕೂರುವ ತಾಯಿ ಅಥವಾ ಅಕ್ಕ, ಇವೂ ನೋವನ್ನು ಹಗುರ ಮಾಡುತ್ತವೆ.

ಟ್ರ್ಯಾವೇಲ್ ಎಂಬ ಪದ ಇಂಗ್ಲಿಷಿನವರ ಹೆರಿಗೆ ಕೋಣೆಯಿಂದ ಹೊರಟುಹೋಗಿದೆ. ನಮ್ಮ ಮನೆಗಳಿಂದ ಹೊರಡಬೇಕಾದದ್ದು ಅದರ ಹಿಂದಿನ ಭಾವನೆ, ಅಂದರೆ ಹೆಣ್ಣು ಹುಟ್ಟಿದ್ದೇ ನೋವು ತಿನ್ನಲು ಎಂಬ ಮಾತು. ಅಲ್ಲಾಹನು ಎಲ್ಲ ತಾಯಂದಿರಿಗೆ ಸುಖಪ್ರಸವವನ್ನೂ ಆರೋಗ್ಯವಂತ ಮಕ್ಕಳನ್ನೂ ಕರುಣಿಸಲಿ. ಆಮೀನ್.